ಅಕ್ಷರಕ್ಕಿಂತ ಮೊದಲು ಮಾತು: ಒಂದು ನಾಯಿಯ ಕಲ್ಲಿನಿಂದ ಓದು ಕಲಿಸುವುದು

ಮೂರನೇ ಕ್ಲಾಸಿನ ಹುಡುಗನೊಬ್ಬ ನನ್ನ ಮುಂದೆ ಕೂತು 'ಶಿಲ್ಪಿ' ಅನ್ನುವ ಪದವನ್ನು 'ಶಿಲಿಪ' ಅಂತ ಓದಿದ. ಅಲ್ಲ ಕಣೋ, ಇನ್ನೊಂದು ಸಲ ನೋಡು ಅಂದೆ. ಮತ್ತೆ ಶಿಲಿಪ. ಮೂರನೇ ಸಲ ನಾನೇ ಹೇಳಿಕೊಟ್ಟೆ. ಗಿಳಿ ಹಾಗೆ ಶಿಲ್ಪಿ ಅಂದ. ಪುಟ ತಿರುಗಿಸಿದರೆ ಅದೇ ಪದ, ಅದೇ ಶಿಲಿಪ.

'ಶಿಲ್ಪಿ ಅಂದ್ರೆ ಏನು ಗೊತ್ತಾ?' ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದ. 'ಕಲ್ಲು ಕೆತ್ತೋರನ್ನ ನೋಡಿದೀಯಾ?' ಅಂದೆ. 'ಊಂ ಮಿಸ್, ನಮ್ಮೂರ್ ಗುಡಿತಾವ ಕೆತ್ತತಾವ್ರಲ್ಲ!' ಅಂದವನೇ ಉಳಿ ಹೇಗೆ ಹಿಡಿಯುತ್ತಾರೆ, ಸುತ್ತಿಗೆಯಲ್ಲಿ ಹೇಗೆ ಹೊಡೆಯುತ್ತಾರೆ, ಕಣ್ಣಿಗೆ ಪುಡಿ ಸಿಡಿಯದ ಹಾಗೆ ಮುಖ ಹೇಗೆ ತಿರುಗಿಸುತ್ತಾರೆ ಅಂತ ಎಲ್ಲ ಮಾಡಿ ತೋರಿಸಿದ. ಅಂದರೆ ಶಿಲ್ಪಿ ಅವನಿಗೆ ಚೆನ್ನಾಗಿ ಗೊತ್ತು. 'ಶಿಲ್ಪಿ' ಅನ್ನುವ ಪದ ಗೊತ್ತಿಲ್ಲ ಅಷ್ಟೇ.

ಇನ್ನೊಂದು ವಿಷಯ. ಅವನು ಓದಿದ್ದು ಪೂರ್ತಿ ತಪ್ಪೂ ಅಲ್ಲ. 'ಲ್ಪಿ' ಅನ್ನೋದನ್ನ ಒಮ್ಮೆ ಹೊಸದಾಗಿ ನೋಡಿ. ಮೇಲೆ ಕಾಣೋದು 'ಲಿ', ಕೆಳಗೆ 'ಪ'ದ ಒತ್ತು. ಗುಡಿಸು ಇರೋದು ಲಕಾರದ ತಲೆ ಮೇಲೆ. ಆದರೆ ಬಾಯಲ್ಲಿ ಹೇಳುವಾಗ ಆ 'ಇ' ಪಕಾರಕ್ಕೆ ಹೋಗಬೇಕು. ಕಣ್ಣಿಗೆ ಕಾಣುವ ಕ್ರಮ ಒಂದು, ನಾಲಿಗೆಯ ಕ್ರಮ ಇನ್ನೊಂದು. ಹುಡುಗ ಕಣ್ಣಿಗೆ ಕಂಡದ್ದನ್ನ ಕಂಡ ಹಾಗೇ ಓದಿದ. ಓದು ಬಲ್ಲ ನಮಗೆ ಇದು ಕಾಣೋದೇ ಇಲ್ಲ, ಯಾಕಂದ್ರೆ ನಾವು ಆ ಪದವನ್ನ ಅಕ್ಷರ ಕೂಡಿಸಿ ಓದೋದೇ ಇಲ್ಲ. ನೋಡಿದ ಕೂಡಲೇ ಬಾಯಿಗೆ ಬರುತ್ತದೆ, ಏಕೆಂದರೆ ಆ ಪದ ಮೊದಲೇ ಬಾಯಲ್ಲಿತ್ತು.

ಅವತ್ತಿನಿಂದ ನಾನು ಚಿತ್ರ, ಶಿಲ್ಪ, ಗೊಂಬೆ, ಹಸೆ ಇವುಗಳ ಕಥೆ ಇಟ್ಟುಕೊಂಡು ಓದು ಕಲಿಸೋದನ್ನ ಸ್ವಲ್ಪ ಗಂಭೀರವಾಗಿ ತೆಗೆದುಕೊಂಡೆ. ಇದು ಡ್ರಾಯಿಂಗ್ ಪೀರಿಯಡ್ ಅಲ್ಲ, ಕಲೆಯ ಇತಿಹಾಸದ ಪಾಠವೂ ಅಲ್ಲ. ಇದು ಭಾಷೆಯ ಪಾಠ. ಯಾಕೆ ಕೆಲಸ ಮಾಡುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನೋದನ್ನ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಓದು ಅಂದರೆ ಏನು ಅಂತ ನೋಡೋಣ. 1986ರಲ್ಲಿ ಗಫ್ ಮತ್ತು ಟನ್ಮರ್ ಅಂತ ಇಬ್ಬರು ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಓದಿ ಅರ್ಥ ಮಾಡಿಕೊಳ್ಳೋದು ಎರಡು ಸಾಮರ್ಥ್ಯಗಳ ಗುಣಾಕಾರ. ಒಂದು, ಅಕ್ಷರ ನೋಡಿ ಪದ ಹೇಳುವುದು. ಇನ್ನೊಂದು, ಅದೇ ಮಾತನ್ನು ಕಿವಿಯಲ್ಲಿ ಕೇಳಿದರೆ ಅರ್ಥವಾಗುವುದು. ಇಲ್ಲಿ ಮುಖ್ಯವಾದದ್ದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ ಅನ್ನೋದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ. ಹಳ್ಳಿಯ ಮಗು ಕನ್ನಡದಲ್ಲಿ ಪಟಪಟ ಮಾತಾಡುತ್ತದೆ, ಅಕ್ಷರ ಬಾರದು, ಓದು ಸೊನ್ನೆ. ಹೊರದೇಶದಲ್ಲಿ ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗುವ ನನ್ನ ಅಕ್ಕನ ಮಗಳದ್ದು ಉಲ್ಟಾ. ಕಾಗುಣಿತ ಪಕ್ಕಾ, ಒತ್ತಕ್ಷರ ಪಕ್ಕಾ, ಫೋನಿನಲ್ಲಿ ಇಡೀ ಪುಟ ತಡವರಿಸದೆ ಓದಿ 'ಚಿಕ್ಕಿ, ಒರಳು ಅಂದ್ರೆ ಏನು?' ಅಂತ ಕೇಳುತ್ತಾಳೆ. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಆಗಲ್ಲ, ಅಲ್ವಾ?

ಅಕ್ಷರದ ಕಡೆ ಕನ್ನಡದ ಹೊರೆ ಕಡಿಮೆಯದ್ದಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದರೆ ಮಗು ಗುರುತಿಸಬೇಕಾದ ಆಕಾರ ಐನೂರು ದಾಟುತ್ತದೆ. ಆಮೇಲೆ ಅಕ್ಷರಕ್ಕೆ ಅದೇ ಅಕ್ಷರ ಒತ್ತಾಗಿ ಬರುವ ಸಜಾತಿ ಒತ್ತು, ಬೇರೆ ಅಕ್ಷರ ಒತ್ತಾಗಿ ಬರುವ ವಿಜಾತಿ ಒತ್ತು, ಇವೆರಡಕ್ಕೂ ಮೀರಿದ ಅರ್ಕಾವತ್ತು. 'ಕರ್ನಾಟಕ'ದಲ್ಲಿ ರಕಾರವನ್ನು ಮೊದಲು ಹೇಳಬೇಕು, ಕಣ್ಣಿಗೆ ಅದು ಸಿಗೋದು 'ನಾ' ಆದಮೇಲೆ! ಕನ್ನಡದ ಮಕ್ಕಳು ಓದು ಕಲಿಯುವುದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು ತೋರಿಸಿಕೊಟ್ಟ ವಿಷಯವೂ ಇದೇ. ಇಂಗ್ಲಿಷ್ ಅಕ್ಷರಗಳ ಹಾಗೆ ಇವು ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷ ಅಕ್ಷರ ಕಲಿಕೆ ನಡೆಯುತ್ತಲೇ ಇರುತ್ತದೆ. ಹಾಗಾಗಿ ಮೂರನೇ ಕ್ಲಾಸಿಗೆ ಬಂದರೂ ಒತ್ತು ಬರಲ್ಲ ಅಂತ ಮಗುವನ್ನು ದಡ್ಡ ಅನ್ನುವವರು ಸ್ವಲ್ಪ ತಡೆಯಬೇಕು.

ಇಷ್ಟು ವರ್ಷ ಬರೀ ಅ-ಅರಸ, ಆ-ಆನೆ ಅಂತ ಕೂತರೆ ಮಾತಿನ ಕಡೆ ಒಣಗಿಹೋಗುತ್ತದೆ. ಅಕ್ಷರ ಪೂರ್ತಿ ಬಂದಮೇಲೆ ಕಥೆ ಅಂದರೆ ಆ ದಿನ ಬರೋದೇ ಇಲ್ಲ. ಎರಡೂ ಜೊತೆಜೊತೆಯಲ್ಲೇ ಸಾಗಬೇಕು. ಇಲ್ಲೇ ಕಲೆಯ ಕಥೆ ಬರುತ್ತದೆ. ಚಿತ್ರದ ಮುಂದೆ ಎಲ್ಲ ಮಕ್ಕಳೂ ಸಮ. ಓದಲು ಬಾರದ ಮಗುವಿಗೂ ಕಣ್ಣಿದೆ, ಬಾಯಿದೆ. ಕ್ಲಾಸಿನಲ್ಲಿ ಮೊದಲು ಕೈ ಎತ್ತುವವನು ಯಾವಾಗಲೂ ಮುಂದಿನ ಬೆಂಚಿನವನೇ ಆಗಬೇಕಿಲ್ಲ.

ನನ್ನ ಮೆಚ್ಚಿನದು ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸುಮಾರು ಕ್ರಿ.ಶ. 950ರದ್ದು, ಅಂದರೆ ಸಾವಿರ ವರ್ಷ ದಾಟಿದ್ದು. ನಮ್ಮಲ್ಲಿ ವೀರಗಲ್ಲು ಊರೂರಿಗೂ ಇವೆ. ಆದರೆ ಇದು ಒಂದು ನಾಯಿಗೆ ನಿಲ್ಲಿಸಿದ ಕಲ್ಲು.

ಕಥೆ ಹೀಗಿದೆ. ಚೋಳರ ಜೊತೆ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಬೂತುಗ ಒಂದು ಕಡೆ. ಬೂತುಗನ ಕಡೆಯ ಮಣಲೇರ ಅನ್ನುವವನು ಚೆನ್ನಾಗಿ ಕಾದಾಡಿದ. ದೊರೆ ಮೆಚ್ಚಿ ಏನು ಬೇಕೋ ಕೇಳು ಅಂದ. ಚಿನ್ನ ಕೇಳಬಹುದಿತ್ತು, ಊರು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನ. ಆಮೇಲೆ ಒಂದು ದಿನ ಆ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಮಣಲೇರ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಕಾದಾಡುವ ಉಬ್ಬುಚಿತ್ರ ಇದೆ, ಜೊತೆಗೆ ಹಳಗನ್ನಡದ ಬರಹ ಇದೆ. ಚಿತ್ರ ಮತ್ತು ಅಕ್ಷರ ಒಂದೇ ಕಲ್ಲಿನ ಮೇಲೆ! ಇದಕ್ಕಿಂತ ಒಳ್ಳೆ ಚಿತ್ರಪುಸ್ತಕ ನನಗೆ ಗೊತ್ತಿಲ್ಲ.

ಆದರೆ ಮಕ್ಕಳಿಗೆ ಈ ಕಥೆಯನ್ನು ಮೊದಲೇ ಹೇಳಬಾರದು. ನಾನು ಮೊದಲ ಸಲ ಆ ತಪ್ಪು ಮಾಡಿದೆ. ಉತ್ಸಾಹದಲ್ಲಿ ಇಪ್ಪತ್ತು ನಿಮಿಷ ನಾನೇ ಹೇಳಿದೆ, ರಾಷ್ಟ್ರಕೂಟರು, ಗಂಗರು, ಚೋಳರು ಅಂತ. ಕೊನೆಗೆ 'ಏನು ಅರ್ಥವಾಯ್ತು?' ಅಂದರೆ ಒಬ್ಬಳು 'ಪ್ರಾಣಿಗಳನ್ನು ಪ್ರೀತಿಸಬೇಕು' ಅಂದಳು. ಅದು ಅವಳ ಉತ್ತರ ಅಲ್ಲ, ಎಲ್ಲ ಪಾಠದ ಕೊನೆಗೂ ಹೇಳಿ ಅಭ್ಯಾಸವಾದ ಉತ್ತರ. ಉಳಿದವರು ಚಪ್ಪಾಳೆ ತಟ್ಟಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂದಿನ ಸಲ ಏನೂ ಹೇಳಲಿಲ್ಲ. ದೊಡ್ಡದಾಗಿ ಪ್ರಿಂಟ್ ತೆಗೆಸಿದ ಫೋಟೋ ಗೋಡೆಗೆ ಅಂಟಿಸಿದೆ. ಒಂದು ನಿಮಿಷ ಸುಮ್ನೆ ನೋಡಿ ಅಂದೆ. ಆಮೇಲೆ ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತಿದೀಯ? ಇನ್ನೇನು ಕಾಣ್ತಿದೆ? ಈ ಪ್ರಶ್ನೆಗಳು ನನ್ನವಲ್ಲ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಶಿಕ್ಷಣದ ಕೆಲಸ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸೆನ್ ಸೇರಿ ರೂಪಿಸಿದ ಪದ್ಧತಿಯದ್ದು. ಕೇಳೋಕೆ ಇಷ್ಟೇನಾ ಅನ್ನಿಸುತ್ತದೆ. ಎರಡನೇ ಪ್ರಶ್ನೆಯಲ್ಲಿ ಮಾತ್ರ ಎಲ್ಲ ಅಡಗಿದೆ. 'ಏನು ನೋಡಿ ಹಾಗೆ ಹೇಳ್ತಿದೀಯ' ಅಂದ ಕೂಡಲೇ ಮಗು ಕಾರಣ ಕೊಡಬೇಕು. ಕಾರಣ ಕೊಡಬೇಕು ಅಂದರೆ ವಾಕ್ಯ ಉದ್ದ ಆಗಬೇಕು. 'ಹಂದಿ' ಅಂತ ಒಂದೇ ಪದ ಹೇಳಿದವನು 'ಮೂತಿ ಉದ್ದಕೈತೆ, ಅದುಕ್ಕೆ ಹಂದಿ' ಅನ್ನುತ್ತಾನೆ. 'ಅದಕ್ಕೆ', 'ಆದರೆ', 'ಯಾಕಂದ್ರೆ', 'ಹಾಗಿದ್ರೆ' ಇಂಥ ಪದಗಳೇ ಮುಂದೆ ಅವನು ಓದುವ ಪುಟವನ್ನು ಹಿಡಿದು ನಿಲ್ಲಿಸುವ ಮೊಳೆಗಳು. ಅವನ್ನು ಬಾಯಿಪಾಠ ಮಾಡಿಸೋಕಾಗಲ್ಲ, ಬೇಕಾದಾಗ ತಾನಾಗಿ ಬರಬೇಕು.

ಅವತ್ತು ಜಗಳವೇ ಆಯಿತು. ನಾಯಿ ಗೆಲ್ಲುತ್ತಿದೆ ಅಂತ ಅರ್ಧ ಕ್ಲಾಸು, ಹಂದಿ ಅಂತ ಇನ್ನರ್ಧ. ಒಬ್ಬ ಎದ್ದು ಬಂದು ಫೋಟೋ ಮೇಲೆ ಬೆರಳಿಟ್ಟು ವಾದ ಮಾಡಿದ. ನಾನು ಮಾಡಿದ ಕೆಲಸ ಒಂದೇ. ಅವರು ಹೇಳಿದ್ದನ್ನು ಇನ್ನೊಂದು ಸ್ವಲ್ಪ ತುಂಬಿಸಿ ವಾಪಸ್ ಹೇಳಿದೆ. 'ನಾಯಿ ಬಾಯಾಕೈತೆ' ಅಂದರೆ 'ಓಹೋ, ನಾಯಿ ಹಂದಿಯನ್ನ ಕಚ್ಚಿ ಹಿಡಿದಿದೆ ಅಂತೀಯ' ಅಂದೆ. ತಿದ್ದಿದೆ ಅನ್ನಿಸಬಾರದು, ಕಿವಿಗೆ ಮಾತ್ರ ಬೀಳಬೇಕು. ಹತ್ತು ನಿಮಿಷದಲ್ಲಿ ಕೋರೆಹಲ್ಲು, ಕೂದಲು ನಿಮಿರುವುದು, ತಿವಿಯುವುದು, ಪಟ್ಟು ಹಿಡಿಯುವುದು ಎಲ್ಲ ಕ್ಲಾಸಿನಲ್ಲಿ ಓಡಾಡುತ್ತಿದ್ದವು.

ಆಮೇಲೆ ಕಥೆ ಹೇಳಿದೆ, ಈ ಸಲ ಐದೇ ನಿಮಿಷ. ಯಾರೂ ಅಲುಗಲಿಲ್ಲ. ಚಿನ್ನ ಬೇಡ, ನಾಯಿ ಕೊಡಿ ಅಂದ ಅನ್ನುವಾಗ ಹಿಂದಿನ ಸಾಲಿನಿಂದ 'ಏಯ್' ಅಂತ ಒಂದು ಸದ್ದು ಬಂತು.

ಅಕ್ಷರದ ಕೆಲಸ ಇದಾದ ಮೇಲೆ. ಒಂದೇ ಕಥೆಯನ್ನು ಮೂರು ಥರ ಬರೆದುಕೊಳ್ಳಿ. ಮೊದಲನೆಯದರಲ್ಲಿ ಒಂದೂ ಒತ್ತಕ್ಷರ ಬರಬಾರದು:

ಕಾಳಿ ಬೇಟೆಯ ನಾಯಿ. ಕಾಳಿ ಕಾಡಿಗೆ ಹೋಯಿತು. ಕಾಡಿನ ಹಂದಿ ಬಂತು. ಕಾಳಿ ಓಡಿತಾ? ಕಾಳಿ ಓಡದು. ಕಾಳಿ ಹಾರಿತು. ಹಂದಿ ತಿವಿಯಿತು. ಕಾಳಿ ಬಿಡದು!

ಬರೆಯೋಕೆ ಕೂತಾಗ ಗೊತ್ತಾಗುತ್ತದೆ ಕಷ್ಟ. 'ಇಲ್ಲ' ಅನ್ನೋ ಹಾಗಿಲ್ಲ, 'ಇತ್ತು' ಅನ್ನೋ ಹಾಗಿಲ್ಲ, 'ಅಲ್ಲಿ' ಕೂಡ ಇಲ್ಲ. ಒತ್ತಿಲ್ಲದೆ ಕನ್ನಡದಲ್ಲಿ ನಾಲ್ಕು ಮಾತಾಡೋದು ಎಷ್ಟು ಕಷ್ಟ ಅಂತ ಒಮ್ಮೆ ಪ್ರಯತ್ನಿಸಿ ನೋಡಿ, ಮಕ್ಕಳ ಮೇಲೆ ಸಿಟ್ಟು ಇಳಿದುಹೋಗುತ್ತದೆ. ಎರಡನೆಯದರಲ್ಲಿ ಸಜಾತಿ ಒತ್ತು ಬರಬಹುದು:

ಬೆಟ್ಟದ ಬಳಿ ದೊಡ್ಡ ಹಂದಿ ಇತ್ತು. ಅದರ ಹಲ್ಲು ಕತ್ತಿಯ ಹಾಗೆ ಇತ್ತು. ಕಾಳಿ ಕಚ್ಚಿ ಹಿಡಿಯಿತು. ಹಂದಿಯೂ ಬಿಡಲಿಲ್ಲ. ಎರಡೂ ಸತ್ತವು. ಒಡೆಯ ಒಂದು ಕಲ್ಲು ನೆಡಿಸಿದ.

ಮೂರನೆಯದಕ್ಕೆ ಯುದ್ಧ, ಚಿತ್ರ, ಶಿಲ್ಪಿ, ಪ್ರೀತಿ ಎಲ್ಲ ಬರಲಿ. 'ರಾಷ್ಟ್ರಕೂಟ' ಅನ್ನೋದನ್ನ ನಾನು ಒಗಟಿನ ಹಾಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಷಕಾರದ ಜೊತೆ ಟ, ಅದರ ಜೊತೆ ರ, ಒಟ್ಟು ಮೂರು ಜನ ಒಂದೇ ಸೀಟಿನಲ್ಲಿ. ಬಸ್ಸಲ್ಲಿ ಅಡ್ಜಸ್ಟ್ ಮಾಡಿಕೊಂಡು ಕೂತ ಹಾಗೆ ಅಂತ ಮಕ್ಕಳೇ ಹೇಳಿದರು. ಯಾರೂ ಹೆದರಲಿಲ್ಲ, ಕಥೆ ಮೊದಲೇ ಕೇಳಿದ್ದರಿಂದ ಆ ಪದ ಕಿವಿಗೆ ಹೊಸದಲ್ಲ. 'ಶಿಲಿಪ' ಹುಡುಗ ಇಲ್ಲಿ ಒಂದು ಕ್ಷಣ ನಿಂತ. 'ಶಿಲಿ...' ಅಂದ, ಮುಖ ಸಿಂಡರಿಸಿದ, 'ಶಿಲ್ಪಿ!' ಅಂದ. ಕಣ್ಣು ತಪ್ಪು ಹೇಳಿದಾಗ ಕಿವಿ ಎಚ್ಚರಿಸಿತು. ಮಾತು ಮೊದಲೇ ಇದ್ದರೆ ಆಗುವ ಲಾಭ ಇದು. ಪದ ಪರಿಚಯ ಇಲ್ಲದವನಿಗೆ 'ಶಿಲಿಪ'ವೂ ಒಂದೇ, 'ಶಿಲ್ಪಿ'ಯೂ ಒಂದೇ, ತಪ್ಪಾಯಿತು ಅಂತ ಗೊತ್ತಾಗೋಕೆ ದಾರಿಯೇ ಇಲ್ಲ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಚಿತ್ರ ಪಕ್ಕದಲ್ಲೇ ಇಟ್ಟುಕೊಂಡು ಅಕ್ಷರ ಓದಿಸುವುದು. ಮಗು ಜಾಣ. 'ಹಂದಿ ತಿವಿಯಿತು' ಅಂತ ಬರೆದಿದ್ದರೆ ಚಿತ್ರ ನೋಡಿ 'ಹಂದಿ ಗುದ್ದಿತು' ಅನ್ನುತ್ತದೆ. ನಾವು ಆಹಾ, ಓದಿಬಿಟ್ಟಿತು ಅಂದುಕೊಳ್ಳುತ್ತೇವೆ. ಅದು ಓದಲಿಲ್ಲ, ಊಹಿಸಿತು. ಊಹೆ ಮಾತಾಡುವಾಗ ಚಿನ್ನ, ಅಕ್ಷರ ಕೂಡಿಸುವಾಗ ಕೆಟ್ಟ ಅಭ್ಯಾಸ. ಹಾಗಾಗಿ ನನ್ನ ನಿಯಮ: ಮಾತಿನ ಹೊತ್ತಿನಲ್ಲಿ ಚಿತ್ರ ಗೋಡೆ ಮೇಲೆ, ಓದುವ ಹೊತ್ತಿನಲ್ಲಿ ಚಿತ್ರ ಬ್ಯಾಗಿನೊಳಗೆ. ಕೈಯಲ್ಲಿ ಬರೀ ಅಕ್ಷರದ ಹಾಳೆ. ಓದಿ ಮುಗಿಸಿದ ಮೇಲೆ ಚಿತ್ರ ಮತ್ತೆ ಹೊರಗೆ, ಸರಿಹೊಂದಿಸಿ ನೋಡಲಿ. ಕಲೆಯ ಮೂಲಕ ಓದು ಅಂತ ಹೇಳುವವರಲ್ಲಿ ಕೆಲವರು ಅಕ್ಷರವನ್ನು ಒಂದೊಂದಾಗಿ ಕಲಿಸುವ ಬೇಸರದ ಕೆಲಸವೇ ಬೇಡ, ಕಥೆ ಕೇಳುತ್ತಾ ತಾನಾಗಿ ಬರುತ್ತದೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಾತು ತಾನಾಗಿ ಬರುತ್ತದೆ. ಅರ್ಕಾವತ್ತು ತಾನಾಗಿ ಬರುವುದಿಲ್ಲ, ಕಲಿಸಬೇಕು.

ಓದಿದ್ದು ಅರ್ಥವಾಯಿತೋ ಅಂತ ನೋಡೋಕೆ ನನಗೆ ಸಿಕ್ಕ ಒಂದೇ ಪ್ರಶ್ನೆ: 'ಇದು ಕಲ್ಲಲ್ಲಿ ಇದೆಯಾ, ನಾವು ಅಂದುಕೊಂಡದ್ದಾ?' ನಾಯಿಯ ಹೆಸರು ಕಾಳಿ, ಕಲ್ಲಲ್ಲಿದೆ. ಎರಡೂ ಸತ್ತವು, ಕಲ್ಲಲ್ಲಿದೆ. ಮಣಲೇರ ಅತ್ತ? ಕಲ್ಲಲ್ಲಿಲ್ಲ, ನಾವು ಅಂದುಕೊಂಡದ್ದು. ಯಾಕೆ ಹಾಗೆ ಅಂದುಕೊಂಡಿರಿ? ಕಲ್ಲು ನೆಡಿಸಿದನಲ್ಲ, ಪ್ರೀತಿ ಇಲ್ಲದೆ ಯಾರು ನೆಡಿಸುತ್ತಾರೆ? ಬರೆದದ್ದು ಯಾವುದು, ಬರೆದದ್ದರಿಂದ ನಾವು ಊಹಿಸಿದ್ದು ಯಾವುದು, ಸುಮ್ನೆ ಕಟ್ಟಿದ್ದು ಯಾವುದು ಅಂತ ಬೇರೆ ಮಾಡೋದು ದೊಡ್ಡವರಿಗೇ ಕಷ್ಟ. ವಾಟ್ಸಾಪ್ ನೋಡಿದರೆ ಗೊತ್ತಾಗುತ್ತದೆ. ಎಂಟು ವರ್ಷದವರು ಇದನ್ನು ಆಟದ ಹಾಗೆ ಮಾಡುತ್ತಾರೆ.

ಹಳಗನ್ನಡ ಬೇಡ, ತುಂಬಾ ಕಷ್ಟ ಅಂತ ನನಗೂ ಅನ್ನಿಸಿತ್ತು. ಸುಮ್ನೆ ಒಂದು ಮಾತು ಹೇಳಿದೆ: ಆ ಕಾಲದಲ್ಲಿ ಹಂದಿಗೆ ಪಂದಿ ಅನ್ನುತ್ತಿದ್ದರು, ಹಾಲು ಪಾಲು ಆಗಿತ್ತು, ಹೂವು ಪೂವು. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಊಟಕ್ಕೆ 'ಪಾಲು ಕೊಡಿ' ಅಂತ ಸಾಲಾಗಿ ನಿಂತರು. ಹಗ್ಗ, ಹುಲಿ, ಹಲ್ಲು, ಹಣ್ಣು ಎಲ್ಲದಕ್ಕೂ ಪಕಾರ ಹಚ್ಚಿದರು. ಪದದ ಮೊದಲ ಸದ್ದನ್ನು ಕಿತ್ತು ಬೇರೆ ಸದ್ದು ಇಡೋದನ್ನ ಶಿಕ್ಷಕರ ತರಬೇತಿಯಲ್ಲಿ ಧ್ವನಿ ಅರಿವಿನ ಚಟುವಟಿಕೆ ಅಂತ ಚಾರ್ಟ್ ಹಾಕಿ ಹೇಳಿಕೊಡುತ್ತಾರೆ. ಇಲ್ಲಿ ಹಾಲಿನ ಸಾಲಿನಲ್ಲಿ ಆಗಿಹೋಯಿತು.

ಎಲ್ಲ ಕಲೆಯೂ ಒಂದೇ ಥರದ ಭಾಷೆ ಕೊಡುವುದಿಲ್ಲ. ವೀರಗಲ್ಲು ಘಟನೆಯ ಭಾಷೆ ಕೊಡುತ್ತದೆ, ಯಾರು ಏನು ಮಾಡಿದರು ಅಂತ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ ತೆಗೆದುಕೊಂಡರೆ ಮಾಡುವ ಕ್ರಮದ ಭಾಷೆ ಸಿಗುತ್ತದೆ. ಅಕ್ಕಿ ನೆನೆಸಿ ಅರೆದರೆ ಬಿಳಿ. ಅಕ್ಕಿಯನ್ನೇ ಕಪ್ಪಗೆ ಹುರಿದರೆ ಕಪ್ಪು. ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ನೆನೆಸು, ಅರೆ, ಹುರಿ, ಸೋಸು, ಬಳಿ, ಎಳೆ, ಎಂಥ ಕ್ರಿಯಾಪದಗಳು ನೋಡಿ. ಮೊದಲು, ಆಮೇಲೆ, ಅಷ್ಟರಲ್ಲಿ, ಕೊನೆಗೆ ಅನ್ನುವ ಪದಗಳು ತಾವಾಗಿ ಬಂದು ಕೂರುತ್ತವೆ. ಸಾಲುಗಳನ್ನು ಚೀಟಿ ಮಾಡಿ ಕಲಸಿ ಕೊಟ್ಟರೆ ಮಕ್ಕಳು ಓದಿ ಓದಿ ಕ್ರಮಕ್ಕೆ ಜೋಡಿಸುತ್ತಾರೆ. ಒಂದು ಚೀಟಿಯನ್ನು ಐದಾರು ಸಲ ಓದಿರುತ್ತಾರೆ, ಓದಿಸುತ್ತಿದ್ದೀರಿ ಅಂತ ಅವರಿಗೆ ಗೊತ್ತೇ ಆಗಿರುವುದಿಲ್ಲ. ಚನ್ನಪಟ್ಟಣದ ಗೊಂಬೆಯಲ್ಲೂ ಇದನ್ನೇ ಮಾಡಬಹುದು. ಆಲೆ ಮರ, ಅರಗು, ಬಣ್ಣ, ತಿರುಗುವ ಲೇತು. ಮನೆ ಮುಂದಿನ ರಂಗೋಲಿಗೂ ಆಗುತ್ತದೆ. ಎಷ್ಟು ಚುಕ್ಕಿ, ಎಲ್ಲಿಂದ ಎಳೆ ಶುರು ಅಂತ ಒಬ್ಬಳು ಬಾಯಲ್ಲೇ ಹೇಳಬೇಕು, ಇನ್ನೊಬ್ಬಳು ಕೇಳಿಸಿಕೊಂಡು ಹಾಕಬೇಕು. ಮೇಲೆ, ಕೆಳಗೆ, ಓರೆ, ಸುತ್ತ ಅನ್ನೋದನ್ನ ತಪ್ಪಾಗಿ ಹೇಳಿದರೆ ರಂಗೋಲಿ ಕೆಡುತ್ತದೆ. ಅಲ್ಲಿಗೆ ಟೀಚರ್ ತಿದ್ದುವ ಅಗತ್ಯವೇ ಇಲ್ಲ.

ತೊಗಲುಗೊಂಬೆ ಗಟ್ಟಿಯಾಗಿ ಓದುವುದಕ್ಕೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಮಕ್ಕಳಿಗೆ ಅವರ ಫೋಟೋ ತೋರಿಸಿದೆ. ತೊಂಬತ್ತು ದಾಟಿದ ಅಜ್ಜಿ, ಜೀವನವಿಡೀ ಪರದೆ ಹಿಂದೆ ರಾಮಾಯಣ, ಮಹಾಭಾರತ ಆಡಿಸಿದವರು. ರಟ್ಟು ಕತ್ತರಿಸಿ ಗೊಂಬೆ ಮಾಡಿ, ಹಳೆ ಪಂಚೆ ಕಟ್ಟಿ, ಹಿಂದೆ ಟಾರ್ಚ್ ಹಿಡಿದರೆ ಆಯಿತು. ಪರದೆ ಹಿಂದೆ ಮಗು ಹಾಳೆ ನೋಡಿಕೊಂಡು ಓದಬಹುದು, ಯಾರಿಗೂ ಕಾಣಲ್ಲ! ಓದುವಾಗ ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನುವ ಹೆದರಿಕೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಹಂದಿಯ ಪಾರ್ಟು ಸಿಕ್ಕ ಹುಡುಗಿ ತನ್ನ ನಾಲ್ಕು ಸಾಲನ್ನು ಮನೆಯಲ್ಲಿ ಎಷ್ಟು ಸಲ ಓದಿದಳೋ, ಅವರ ಅಮ್ಮ ಬಂದು 'ಮಿಸ್, ಮನೇಲೂ ಹಂದಿ ಥರಾನೇ ಗುಟುರ್ ಹಾಕ್ತಾಳೆ' ಅಂತ ದೂರು ಹೇಳಿದರು.

ಬರವಣಿಗೆಗೆ ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನದಲ್ಲಿ ಮದನಿಕೆಯರ ಶಿಲ್ಪದ ಬುಡದಲ್ಲಿ ಕೆತ್ತಿದವರ ಹೆಸರು ಕನ್ನಡದಲ್ಲಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ದೊಡ್ಡ ದೇವಸ್ಥಾನಗಳಲ್ಲಿ ರಾಜನ ಹೆಸರು ಇರೋದು ಮಾಮೂಲು, ಕೆಲಸ ಮಾಡಿದವರ ಹೆಸರೂ ಇರೋದು ಮಕ್ಕಳಿಗೆ ಯಾಕೋ ತುಂಬಾ ಹಿಡಿಸುತ್ತದೆ. 'ನಾವೂ ನಮ್ಮ ಚಿತ್ರದ ಕೆಳಗೆ ಹೆಸರು ಬರೀಬಹುದಾ?' ಅಂದರು. ಹೆಸರು, ಊರು, ಯಾರ ಮಗ ಅಥವಾ ಮಗಳು, ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲು. ನೋಟ್ಸ್ ಕಾಪಿ ಮಾಡುವಾಗ ಕೈ ನೋವು ಅನ್ನುವವರು ಇದನ್ನು ಎರಡೆರಡು ಸಲ ಬರೆದರು. ಕೆಲವರು ಅಪ್ಪನ ಬದಲು ಅಮ್ಮನ ಹೆಸರು ಹಾಕಿದರು, ನಾನೇನೂ ಅನ್ನಲಿಲ್ಲ.

ಆಡುಮಾತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮಗು 'ಐತೆ' ಅನ್ನುತ್ತದೆ, ಪುಸ್ತಕ 'ಇದೆ' ಅನ್ನುತ್ತದೆ. ಮಂಗಳೂರು ಕಡೆ ಇನ್ನೊಂದು, ಧಾರವಾಡದ ಕಡೆ 'ಐತಿ'. ಮನೆಯಲ್ಲಿ ತುಳು, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳೂ ಅದೇ ಕ್ಲಾಸಿನಲ್ಲಿ ಇರುತ್ತಾರೆ. ಬಾಯಿ ತೆರೆದ ಕೂಡಲೇ 'ಹಾಗಲ್ಲ, ಸರಿಯಾಗಿ ಹೇಳು' ಅಂದರೆ ಮುಗಿಯಿತು, ಮತ್ತೆ ಆ ಬಾಯಿ ತೆರೆಯುವುದಿಲ್ಲ. ನಾನು ಬೋರ್ಡಿನ ಎಡಗಡೆ ಅವರು ಹೇಳಿದ ಹಾಗೇ ಬರೆಯುತ್ತೇನೆ: 'ನಾಯಿ ಹಂದಿನ ಕಚ್ಚೈತೆ'. ಬಲಗಡೆ ಪುಸ್ತಕದ ಥರ: 'ನಾಯಿ ಹಂದಿಯನ್ನು ಕಚ್ಚಿದೆ'. ಎಡಗಡೆಯದ್ದು ತಪ್ಪು ಅನ್ನುವುದಿಲ್ಲ. ಇದು ನಾವು ಆಡೋ ಕನ್ನಡ, ಅದು ಪುಸ್ತಕದ ಕನ್ನಡ, ಎರಡರ ನಡುವೆ ಏನೇನು ಬದಲಾಗಿದೆ ಹುಡುಕಿ ಅನ್ನುತ್ತೇನೆ. '-ನ' ಇದ್ದದ್ದು '-ಅನ್ನು' ಆಯಿತು ಅಂತ ಅವರೇ ಕಂಡುಹಿಡಿದರು. ವಿಭಕ್ತಿ ಪ್ರತ್ಯಯ ಅಂತ ಹೆಸರು ಹೇಳದೆಯೇ ವ್ಯಾಕರಣ ಆಗಿಹೋಯಿತು.

ಮನೆಯಲ್ಲಿ ಮಾಡುವವರಿಗೆ ಇಷ್ಟೆಲ್ಲ ಬೇಡ. ಊರ ದೇವಸ್ಥಾನದ ಕಂಬ, ಕೆರೆ ಏರಿ ಮೇಲಿನ ವೀರಗಲ್ಲು, ಅಜ್ಜಿಯ ಸೀರೆಯ ಸೆರಗು, ದಸರಾ ಗೊಂಬೆ, ಯಾವುದಾದರೂ ಒಂದು ಸಾಕು. ಹತ್ತು ನಿಮಿಷ ಮಾತು, ಅದರಲ್ಲಿ ನಿಮ್ಮದು ಕಡಿಮೆ ಇರಲಿ. ಮಗು ಹೇಳಿದ್ದರಲ್ಲಿ ನಾಲ್ಕು ಸಾಲು ನೀವು ಬರೆದುಕೊಡಿ, ಅದನ್ನೇ ಓದಲಿ. ತಾನು ಹೇಳಿದ್ದನ್ನೇ ಕಾಗದದ ಮೇಲೆ ಓದುವಾಗ ಅರ್ಥ ಗೊತ್ತಿಲ್ಲ ಅನ್ನುವ ಪ್ರಶ್ನೆ ಬರುವುದಿಲ್ಲ, ಗಮನವೆಲ್ಲ ಅಕ್ಷರದ ಮೇಲಿರುತ್ತದೆ. ಕೊನೆಗೆ 'ಇದರಿಂದ ಏನು ಕಲಿತೆ?' ಅಂತ ಮಾತ್ರ ದಯವಿಟ್ಟು ಕೇಳಬೇಡಿ.

ಕಾಳಿಯ ಪಾಠ ಮುಗಿದು ಎರಡು ವಾರ ಆಗಿತ್ತು. ಹಂದಿ ಪಾರ್ಟಿನ ಹುಡುಗಿ ಬಂದು ಕೇಳಿದಳು, 'ಮಿಸ್, ನಾಯಿಗೆ ಕಲ್ಲು ಹಾಕವ್ರೆ. ಹಂದಿಗೆ ಯಾಕ್ ಹಾಕಿಲ್ಲ? ಅದೂ ಸತ್ತೋಯ್ತಲ್ವಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನೀನೇ ಒಂದು ಕಲ್ಲು ಮಾಡು ಅಂದೆ. ಮರುದಿನ ಒಂದು ರಟ್ಟಿನ ತುಂಡು ತಂದಳು. ಮೇಲೆ ಉದ್ದ ಮೂತಿಯ ಹಂದಿ, ಕೆಳಗೆ ಪೆನ್ಸಿಲಿನಲ್ಲಿ ಮೂರು ಸಾಲು:

'ಇದು ಹಂದಿ ಕಲ್ಲು. ಹಂದಿ ಓಡಲಿಲ. ಹಂದಿಗೆ ಹೆಸರು ಇಲ.'

'ಕಲ್ಲು'ವಿಗೆ ಒತ್ತು ಕೊಟ್ಟಿದ್ದಳು, 'ಇಲ್ಲ'ಕ್ಕೆ ಎರಡು ಕಡೆಯೂ ಬಿಟ್ಟಿದ್ದಳು. ರಟ್ಟನ್ನು ಕಾಳಿಯ ಫೋಟೋ ಪಕ್ಕ ಅಂಟಿಸಿದೆವು. ಒತ್ತಿನ ವಿಷಯ ಸೋಮವಾರ ನೋಡಿಕೊಂಡೆವು.